ಮೊಲದ ಹೊಟ್ಟೆಯೊಳಗಿನ 30 ಸೆಂಟಿಮೀಟರ್

1834ರಲ್ಲಿ 21 ವರ್ಷದ ಹುಡುಗನೊಬ್ಬ ಐದು ಅಂಕಗಳ ನಾಟಕವೊಂದರ ಹಸ್ತಪ್ರತಿ ಹಿಡ್ಕೊಂಡು ಪ್ಯಾರಿಸ್‌ಗೆ ಬಂದ. ಹೆಸರು ಕ್ಲಾಡ್ ಬರ್ನಾರ್ಡ್. ಅವನ ತಲೆಯಲ್ಲಿ ಇದ್ದಿದ್ದು ಒಂದೇ, ನಾಟಕಕಾರ ಆಗಬೇಕು ಅಂತ. ಅವನು ಮುಂದೆ ಏನಾದ ಅನ್ನೋದು ಮೆಡಿಕಲ್ ಓದುವವರಿಗೆಲ್ಲ ಗೊತ್ತು. ನಮಗೆ ಇಂಜಿನಿಯರಿಂಗ್‌ನವರಿಗೆ ಬಯಾಲಜಿ ಅಂದ್ರೆ ಒಂದು ಸೆಮಿಸ್ಟರ್‌ನ ಸಣ್ಣ ಸಬ್ಜೆಕ್ಟ್, ಎಕ್ಸಾಂ ಮುಗಿದ ಮೇಲೆ ಯಾರೂ ತಿರುಗಿ ನೋಡಲ್ಲ. ಆದರೆ ಈ ಮನುಷ್ಯ ಯೋಚನೆ ಮಾಡುತ್ತಿದ್ದ ರೀತಿ ನಮ್ಮ ಲ್ಯಾಬ್‌ಗಳಿಗೆ ಬಹಳ ಹತ್ತಿರದ್ದು. ಹಾಗಾಗಿ ಅವನ ಕಥೆ ಇಲ್ಲಿ ಬರೀತಿದ್ದೀನಿ. ಅದರಲ್ಲೂ ಮುಖ್ಯವಾಗಿ, ತಿಂದ ಕೊಬ್ಬು ನಮ್ಮ ಕರುಳಿನಿಂದ ಒಳಗೆ ಹೋಗೋದು ಹೇಗೆ ಅನ್ನೋ ಪ್ರಶ್ನೆಗೆ ಅವನು ಅರ್ಧ ಉತ್ತರ ಕಂಡುಕೊಂಡ ಕಥೆ.

ಬರ್ನಾರ್ಡ್ ಹುಟ್ಟಿದ್ದು 1813ರ ಜುಲೈ 12ರಂದು, ಫ್ರಾನ್ಸ್‌ನ ಲಿಯಾನ್ ನಗರದಿಂದ ಸ್ವಲ್ಪ ದೂರದ ಸೇಂಟ್ ಜೂಲಿಯನ್ ಅನ್ನೋ ಹಳ್ಳಿಯಲ್ಲಿ. ಅಪ್ಪ ದ್ರಾಕ್ಷಿ ತೋಟದಲ್ಲಿ ದುಡಿಯುವವನು, ವೈನ್ ಮಾಡುವವನು. ಮನೆಯಲ್ಲಿ ದುಡ್ಡು ಕಡಿಮೆ. ಹುಡುಗ ಪಾದ್ರಿಗಳ ಶಾಲೆಯಲ್ಲಿ ಓದಿದ, ಅಲ್ಲಿ ಲ್ಯಾಟಿನ್ ಕಲಿತ, ವಿಜ್ಞಾನ ಅಂತ ಹೆಚ್ಚೇನೂ ಕಲಿಯಲಿಲ್ಲ. 1832ರಲ್ಲಿ ಲಿಯಾನ್ ಹತ್ತಿರ ಒಂದು ಔಷಧಿ ಅಂಗಡಿಗೆ ಕೆಲಸ ಕಲಿಯೋಕೆ ಸೇರಿಕೊಂಡ. ನೆಲ ಗುಡಿಸೋದು, ಬಾಟಲಿ ತೊಳೆಯೋದು, ಮುಲಾಮು ಅರೆಯೋದು ಇಂಥ ಕೆಲಸ.

ಆ ಅಂಗಡಿಯಲ್ಲಿ ಥೀರಿಯಾಕ್ ಅನ್ನೋ ಔಷಧಿಗೆ ಭಾರಿ ಬೇಡಿಕೆ. ಹತ್ತಾರು ಪದಾರ್ಥ ಸೇರಿಸಿ ಮಾಡುವ ಸರ್ವರೋಗಕ್ಕೂ ಒಂದೇ ಮದ್ದು. ಅಂಗಡಿಯಲ್ಲಿ ಹಾಳಾಗಿದ್ದು, ಮಿಕ್ಕಿದ್ದು ಎಲ್ಲವನ್ನೂ ಬಿಸಾಡದೆ ಆ ಪಾತ್ರೆಗೇ ಸುರಿಯುತ್ತಿದ್ದರು. ಜನ ಅದನ್ನೇ ಕೊಂಡು ಕುಡಿದು ವಾಸಿಯಾಯ್ತು ಅಂತಿದ್ದರು. ಆ ಕಾಲದ ವೈದ್ಯದ ಮೇಲೆ ಬರ್ನಾರ್ಡ್‌ಗೆ ಜೀವನಪೂರ್ತಿ ಇದ್ದ ಅನುಮಾನ ಶುರುವಾಗಿದ್ದು ಇಲ್ಲೇ ಇರಬೇಕು.

ಕೆಲಸದ ಮಧ್ಯೆ ಒಂದು ಹಾಸ್ಯ ನಾಟಕ ಬರೆದ. ಲಿಯಾನ್‌ನ ಸಣ್ಣ ಥಿಯೇಟರ್ ಒಂದರಲ್ಲಿ ಅದು ಓಡಿತು, ಚೂರು ಹೆಸರೂ ಬಂತು. ಆಮೇಲೆ ಶುರು ಮಾಡಿದ್ದೇ ಆ ಐದು ಅಂಕಗಳ ಐತಿಹಾಸಿಕ ನಾಟಕ, ಆರ್ಥರ್ ಆಫ್ ಬ್ರಿಟನಿ. ಪ್ಯಾರಿಸ್‌ನಲ್ಲಿ ಅದನ್ನು ಓದಿದವನು ಸೇಂಟ್ ಮಾರ್ಕ್ ಜಿರಾರ್ಡಿನ್ ಎಂಬ ದೊಡ್ಡ ವಿಮರ್ಶಕ. ಪ್ರತಿಭೆ ಇಲ್ಲ ಅಂತ ಅವನೇನೂ ಹೇಳಲಿಲ್ಲ. ಮೊದಲು ಹೊಟ್ಟೆಪಾಡಿಗೆ ಒಂದು ವೃತ್ತಿ ಕಲಿ, ಬಿಡುವಿದ್ದಾಗ ಕವಿತೆ ಬರಿ ಅಂತ ಬುದ್ಧಿ ಹೇಳಿ ಕಳಿಸಿದ. ಔಷಧಿ ಅಂಗಡಿಯ ಅನುಭವ ಇದೆಯಲ್ಲ ಅಂತ ಮೆಡಿಸಿನ್ ಓದು ಅಂದ. (ನಮ್ಮಲ್ಲಿ ಎಷ್ಟು ಜನ ಇದೇ ಮಾತು ಕೇಳಿಸಿಕೊಂಡು ಈ ಕ್ಯಾಂಪಸ್‌ಗೆ ಬಂದಿದ್ದೀವಿ ಅಂತ ಲೆಕ್ಕ ಹಾಕೋದು ಬೇಡ.)

ಬರ್ನಾರ್ಡ್ ಟಾಪರ್ ಆಗಿರಲಿಲ್ಲ, ಇದು ನನಗೆ ಬಹಳ ಇಷ್ಟವಾದ ವಿಷಯ. 1839ರಲ್ಲಿ ಆಸ್ಪತ್ರೆಯ ಇಂಟರ್ನ್ ಪರೀಕ್ಷೆಯಲ್ಲಿ ಪಾಸಾದ 29 ಜನರಲ್ಲಿ ಅವನದು 26ನೇ ರ‍್ಯಾಂಕ್. ಕ್ಲಾಸಲ್ಲಿ ಮಂಕಾಗಿ ಕೂರುತ್ತಿದ್ದ ಹುಡುಗ. ಆದರೆ ಅವನ ಕೈ ಮಂಕಲ್ಲ. ಪ್ರಾಣಿಯ ಒಳಗಿನ ಸಣ್ಣ ನರ, ಸಣ್ಣ ನಾಳ ಬಿಡಿಸುವುದರಲ್ಲಿ ಅವನ ಕೈಗೆ ಸಾಟಿ ಇರಲಿಲ್ಲ. ಇದನ್ನು ಗಮನಿಸಿದವನು ಫ್ರಾಂಸ್ವಾ ಮ್ಯಾಜೆಂಡಿ, ಆಗಿನ ಫ್ರಾನ್ಸ್‌ನ ದೊಡ್ಡ ಶರೀರಕ್ರಿಯಾ ವಿಜ್ಞಾನಿ. 1841ರಲ್ಲಿ ಬರ್ನಾರ್ಡ್‌ನನ್ನು ತನ್ನ ಲ್ಯಾಬಿಗೆ ಸಹಾಯಕನಾಗಿ ಸೇರಿಸಿಕೊಂಡ. 1843ರಲ್ಲಿ ಬರ್ನಾರ್ಡ್ ಜಠರರಸದ ಮೇಲೆ ಥೀಸಿಸ್ ಬರೆದು ಡಾಕ್ಟರ್ ಆದ. ಮರುವರ್ಷ ಅಧ್ಯಾಪಕನಾಗಲು ಬೇಕಾದ ಪರೀಕ್ಷೆಯಲ್ಲಿ ಫೇಲ್ ಆದ. ಪಾಠ ಮಾಡೋಕೆ, ಮಾತಾಡೋಕೆ ಅವನಿಗೆ ಬರ್ತಿರಲಿಲ್ಲ ಅಂತಾರೆ.

ಕೈಯಲ್ಲಿ ಕಾಸಿಲ್ಲ. ಊರಿಗೆ ವಾಪಸ್ ಹೋಗಿ ಹಳ್ಳಿ ಡಾಕ್ಟರ್ ಆಗೋಣ ಅಂತ ಹೊರಟಿದ್ದ. ಆಗ ಗೆಳೆಯರು ಕೊಟ್ಟ ಸಲಹೆ, ಒಳ್ಳೆ ವರದಕ್ಷಿಣೆ ತರುವ ಹುಡುಗಿಯನ್ನು ಮದುವೆಯಾಗು ಅಂತ. 1845ರಲ್ಲಿ ಪ್ಯಾರಿಸ್‌ನ ಡಾಕ್ಟರೊಬ್ಬರ ಮಗಳು ಫ್ಯಾನಿ ಮಾರ್ಟಿನ್‌ಳನ್ನು ಮದುವೆಯಾದ. ಆ ದುಡ್ಡಿನಲ್ಲಿ ಪ್ರಯೋಗಗಳು ನಡೆದವು. ಆ ಪ್ರಯೋಗಗಳನ್ನೇ ಫ್ಯಾನಿ ಮುಂದೆ ಜೀವನಪೂರ್ತಿ ದ್ವೇಷಿಸಿದಳು. ಈ ಮದುವೆಯಲ್ಲಿ ಬರ್ನಾರ್ಡ್‌ನ ಪರವಾಗಿ ಹೇಳಲು ನನಗೇನೂ ಸಿಗಲಿಲ್ಲ.

ಪ್ರಯೋಗ ಅಂದ್ರೆ ಏನು ಅಂತ ಸ್ಪಷ್ಟವಾಗಿ ಹೇಳಿಬಿಡಬೇಕು. ಜೀವಂತ ನಾಯಿ, ಮೊಲ, ಕುದುರೆಗಳನ್ನು ಕತ್ತರಿಸಿ ನೋಡುವುದು. ಅರಿವಳಿಕೆಯಾಗಿ ಈಥರ್ ಬಳಕೆಗೆ ಬಂದಿದ್ದೇ 1846ರ ಕೊನೆಯಲ್ಲಿ. ಅಂದ್ರೆ ಅವನ ಮೊದಲ ವರ್ಷಗಳ ಪ್ರಾಣಿಗಳಿಗೆ ಅದೂ ಇರಲಿಲ್ಲ. ಒಮ್ಮೆ ಬರ್ಲಿನ್‌ನಿಂದ ಬಂದಿದ್ದ ಸರ್ಜನ್ ಒಬ್ಬನಿಗೆ ತೋರಿಸೋಕೆ ಒಂದು ನಾಯಿಯ ಜಠರಕ್ಕೆ ತೂತು ಮಾಡಿ ಬೆಳ್ಳಿಯ ಕೊಳವೆ ಕೂರಿಸಿದ್ದ, ಜಠರರಸ ಸಂಗ್ರಹಿಸಲು. ನಾಯಿ ರಾತ್ರೋರಾತ್ರಿ ತಪ್ಪಿಸಿಕೊಂಡು ಹೋಯ್ತು. ಕೆಲವು ದಿನ ಬಿಟ್ಟು ಪೊಲೀಸ್ ಠಾಣೆಯಿಂದ ಕರೆ. ನೋಡಿದ್ರೆ ಆ ನಾಯಿ ಆ ಏರಿಯಾದ ಪೊಲೀಸ್ ಕಮಿಷನರ್‌ದೇ! ಹೊಟ್ಟೆಯಲ್ಲಿ ಕೊಳವೆ ಸಮೇತ ಮನೆಗೆ ಹೋಗಿತ್ತು. ಬರ್ನಾರ್ಡ್ ಕ್ಷಮೆ ಕೇಳಿ, ಕೊಳವೆ ತೆಗೆದು, ಗಾಯ ಮಾಯುವವರೆಗೂ ನೋಡಿಕೊಂಡ. ನಾಯಿ ಬದುಕಿತು. ಆಶ್ಚರ್ಯ ಅಂದ್ರೆ ಕಮಿಷನರ್ ಅವನ ಗೆಳೆಯನಾದ. ನೆರೆಹೊರೆಯವರ ದೂರುಗಳಿಂದ ಕಾಪಾಡಲು ಒಬ್ಬ ಪೊಲೀಸ್ ಸಿಕ್ಕಿದ ಅಂತ ಬರ್ನಾರ್ಡ್ ತನ್ನ ಲ್ಯಾಬನ್ನು ಅದೇ ಏರಿಯಾಗೆ ಸಾಗಿಸಿದ. ಲ್ಯಾಬ್ ಅಂದ್ರೆ ತೇವ ಹಿಡಿದ, ಗಾಳಿ ಬೆಳಕಿಲ್ಲದ ರೂಮು. ಮುಂದೆ ದೊಡ್ಡ ಪ್ರೊಫೆಸರ್ ಆದ ಮೇಲೂ ಅವನಿಗೆ ಸಿಕ್ಕ ಲ್ಯಾಬ್ ಇದಕ್ಕಿಂತ ಬಹಳ ಚೆನ್ನಾಗೇನೂ ಇರಲಿಲ್ಲ.

ಈಗ ಮೊಲದ ವಿಷಯಕ್ಕೆ ಬರೋಣ. ಅದಕ್ಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ಇಟಲಿಗೆ. 1622ರಲ್ಲಿ ಅಲ್ಲಿನ ಗ್ಯಾಸ್ಪರೆ ಅಸೆಲ್ಲಿ ಎಂಬ ವೈದ್ಯ ಆಗಷ್ಟೇ ಊಟ ಮಾಡಿದ್ದ ನಾಯಿಯ ಹೊಟ್ಟೆ ಬಿಚ್ಚಿ ನೋಡುತ್ತಿದ್ದಾಗ ಕರುಳಿಗೆ ಅಂಟಿದ ತೆಳು ಪರದೆಯ ಮೇಲೆ ಬಿಳಿ ದಾರದಂಥ ಎಳೆಗಳು ಕಂಡವು. ನರ ಇರಬೇಕು ಅಂದುಕೊಂಡು ಒಂದನ್ನು ಚುಚ್ಚಿದ. ಹಾಲಿನಂಥ ದ್ರವ ಹೊರಬಂತು. ಊಟ ಮಾಡದ ನಾಯಿಯಲ್ಲಿ ಆ ಎಳೆಗಳು ಕಾಣುತ್ತಲೇ ಇರಲಿಲ್ಲ. ಇವನ್ನು ಲ್ಯಾಕ್ಟಿಯಲ್ ಅಂತಾರೆ, ನಾನು ಇಲ್ಲಿ ಹಾಲುನಾಳ ಅಂತ ಕರೀತೀನಿ. ಅದರಲ್ಲಿರುವುದು ಹಾಲಲ್ಲ. ಊಟದ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ದುಗ್ಧರಸದಲ್ಲಿ ತೇಲುತ್ತಿರುವುದರಿಂದ ಬಿಳಿ ಕಾಣುತ್ತೆ. ಅಂದ್ರೆ ಕರುಳಿನ ಯಾವ ಭಾಗದಲ್ಲಿ ಕೊಬ್ಬು ಒಳಗೆ ಹೋಗ್ತಿದೆ ಅಂತ ತಿಳಿಯಲು ಇದೊಂದು ಇಂಡಿಕೇಟರ್. ಬಿಳಿ ಇದ್ರೆ ಹೋಗ್ತಿದೆ, ಇಲ್ಲಾಂದ್ರೆ ಇಲ್ಲ. ಲಿಟ್ಮಸ್ ಪೇಪರ್ ಥರ.

1846ರಲ್ಲಿ ಬರ್ನಾರ್ಡ್ ಲ್ಯಾಬಿಗೆ ಮಾರ್ಕೆಟ್‌ನಿಂದ ಕೆಲವು ಮೊಲ ತಂದರು. ಮೇಜಿನ ಮೇಲೆ ಬಿಟ್ಟಾಗ ಅವು ಅಲ್ಲೇ ಮೂತ್ರ ಮಾಡಿದವು. ಬೇರೆ ಯಾರಾದ್ರೂ ಆಗಿದ್ರೆ ಬೈದುಕೊಂಡು ಒರೆಸುತ್ತಿದ್ದರು. ಬರ್ನಾರ್ಡ್ ನೋಡಿದ್ದು, ಮೂತ್ರ ತಿಳಿಯಾಗಿದೆ ಅಂತ. ಪರೀಕ್ಷಿಸಿದ್ರೆ ಆಮ್ಲೀಯವೂ ಹೌದು. ಇದು ಆಗಬಾರದು. ಹುಲ್ಲು ತಿನ್ನುವ ಪ್ರಾಣಿಯ ಮೂತ್ರ ಮಬ್ಬಾಗಿ, ಕ್ಷಾರೀಯವಾಗಿ ಇರಬೇಕು. ತಿಳಿಯಾಗಿ ಆಮ್ಲೀಯವಾಗಿ ಇರೋದು ಮಾಂಸಾಹಾರಿಗಳದ್ದು. ಮೊಲ ಮಾಂಸ ತಿಂದಿತ್ತಾ? ಇಲ್ಲ. ಅವನ ಊಹೆ ಬೇರೆ. ಮಾರ್ಕೆಟ್‌ನಲ್ಲಿ ಯಾರೂ ಇವಕ್ಕೆ ಬಹಳ ಹೊತ್ತಿನಿಂದ ಏನೂ ತಿನ್ನಿಸಿಲ್ಲ, ಹೊಟ್ಟೆಗಿಲ್ಲದೆ ಅವು ತಮ್ಮ ಮೈಯನ್ನೇ ತಾವು ತಿಂದು ಬದುಕುತ್ತಿವೆ, ಹಾಗಾಗಿ ಸದ್ಯಕ್ಕೆ ಅವೂ ಮಾಂಸಾಹಾರಿಗಳೇ.

ಊಹೆ ಚೆನ್ನಾಗಿದೆ, ಆದರೆ ಊಹೆ ಊಹೆಯೇ. ಹುಲ್ಲು ಹಾಕಿದ. ಕೆಲವು ಗಂಟೆಗಳಲ್ಲಿ ಮೂತ್ರ ಮಬ್ಬಾಗಿ ಕ್ಷಾರೀಯವಾಯ್ತು. ಉಪವಾಸ ಕೆಡವಿದ. ಮತ್ತೆ ತಿಳಿ, ಮತ್ತೆ ಆಮ್ಲ. ಮತ್ತೆ ಹುಲ್ಲು, ಮತ್ತೆ ಉಪವಾಸ. ಕುದುರೆಯ ಮೇಲೂ ಮಾಡಿ ನೋಡಿದ, ಅಲ್ಲೂ ಅದೇ. ಆದರೂ ಒಂದು ಪ್ರಶ್ನೆ ಉಳಿಯಿತು. ಉಪವಾಸವಿರುವ ಮೊಲ ನಿಜವಾಗಿ ಮಾಂಸಾಹಾರಿಯಂತೆ ಆಗಿದ್ದರೆ, ಮಾಂಸ ತಿಂದ ಮೊಲದ ಮೂತ್ರವೂ ಹಾಗೇ ಇರಬೇಕಲ್ಲ? ಸರಿ, ಮೊಲಗಳಿಗೆ ಬೇಯಿಸಿದ ದನದ ಮಾಂಸ ಕೊಟ್ಟ. ಬೇರೇನೂ ಸಿಗದಿದ್ದರೆ ಮೊಲ ಮಾಂಸವನ್ನೂ ತಿನ್ನುತ್ತಂತೆ. ಮೂತ್ರ ತಿಳಿಯಾಗಿ ಆಮ್ಲೀಯವಾಗಿಯೇ ಬಂತು. ಕಂಟ್ರೋಲ್ ಅಂದ್ರೇನು ಅಂತ ನಮಗೆ ಲ್ಯಾಬ್‌ನಲ್ಲಿ ಹೇಳಿಕೊಡುವಾಗ ಈ ಉದಾಹರಣೆ ಕೊಟ್ಟಿದ್ರೆ ಇನ್ನೂ ಬೇಗ ತಲೆಗೆ ಹೋಗ್ತಿತ್ತು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಮೊಲ ಮಾಂಸವನ್ನು ನಿಜವಾಗಿ ಜೀರ್ಣ ಮಾಡಿಕೊಂಡಿದೆಯಾ ಅಂತ ನೋಡೋಕೆ ಅವುಗಳ ಹೊಟ್ಟೆ ಬಿಚ್ಚಿದ. ಮಾಂಸದ ಜೊತೆ ಕೊಬ್ಬೂ ಹೋಗಿತ್ತಲ್ಲ, ಹಾಲುನಾಳಗಳು ಬೆಳ್ಳಗೆ ಕಂಡವು. ಆದರೆ ಜಾಗ ಸರಿಯಿಲ್ಲ. ನಾಯಿಯಲ್ಲಿ ಜಠರ ಮುಗಿದು ಸಣ್ಣ ಕರುಳು ಶುರುವಾಗುವ ಹತ್ತಿರದಲ್ಲೇ ನಾಳಗಳು ಬಿಳಿಯಾಗಿರುತ್ತವೆ. ಈ ಮೊಲಗಳಲ್ಲಿ ಮೊದಲ ಭಾಗದಲ್ಲಿ ಬಿಳಿಯೇ ಇಲ್ಲ. ಸುಮಾರು 30 ಸೆಂಟಿಮೀಟರ್ ಕೆಳಗೆ ಹೋದ ಮೇಲೆ ಶುರು.

ಯಾಕೆ ಅಲ್ಲಿಂದ? ಅಲ್ಲೇನಿದೆ? ಬರ್ನಾರ್ಡ್ ಇನ್ನೂ ಹತ್ತಿರದಿಂದ ನೋಡಿದ. ಸರಿಯಾಗಿ ಆ ಜಾಗದಲ್ಲಿ ಮೇದೋಜೀರಕ ಗ್ರಂಥಿಯ ನಾಳ ಕರುಳಿಗೆ ಬಂದು ಸೇರುತ್ತಿತ್ತು.

ಇದರ ಮಹತ್ವ ಗೊತ್ತಾಗಬೇಕು ಅಂದ್ರೆ ಪ್ಲಂಬಿಂಗ್ ಸ್ವಲ್ಪ ತಿಳಿದಿರಬೇಕು. ಯಕೃತ್ತಿನಿಂದ ಬರುವ ಪಿತ್ತರಸ ಒಂದು ಪೈಪ್. ಮೇದೋಜೀರಕ ಗ್ರಂಥಿಯ ರಸ ಇನ್ನೊಂದು ಪೈಪ್. ನಮ್ಮಲ್ಲಿ ಈ ಎರಡೂ ಸಾಮಾನ್ಯವಾಗಿ ಸೇರಿಕೊಂಡು ಒಂದೇ ಕಡೆ ಕರುಳಿಗೆ ತೆರೆಯುತ್ತವೆ. ನಾಯಿಯಲ್ಲೂ ಹತ್ತಿರ ಹತ್ತಿರ. ಕೊಬ್ಬಿನ ಮೇಲೆ ಕೆಲಸ ಮಾಡೋದು ಯಾವುದು ಅಂತ ಹೇಳೋಕೆ ಆಗಲ್ಲ, ಎರಡು ಸ್ವಿಚ್ ಒಟ್ಟಿಗೇ ಆನ್ ಆದ್ರೆ ಲೈಟ್ ಯಾವುದರಿಂದ ಹತ್ತಿತು ಅಂತ ಹೇಗೆ ಹೇಳ್ತೀರಿ? ಮೊಲದಲ್ಲಿ ಮಾತ್ರ ಪಿತ್ತನಾಳ ಮೇಲೆ, ಜಠರದ ಹತ್ತಿರ. ಮೇದೋಜೀರಕ ನಾಳ 30 ಸೆಂಟಿಮೀಟರ್‌ಗೂ ಹೆಚ್ಚು ಕೆಳಗೆ. ಎರಡು ಸ್ವಿಚ್‌ಗಳನ್ನು ಪ್ರಕೃತಿಯೇ ಬೇರೆ ಮಾಡಿ ಇಟ್ಟಿತ್ತು. ಮೊಲವನ್ನು ಕೊಯ್ದು ನೋಡಿದವರು ಅವನಿಗಿಂತ ಮುಂಚೆ ಎಷ್ಟೋ ಜನ. ಆದರೆ ಮೊಲ ತಿನ್ನೋದು ಹುಲ್ಲು, ಅದರಲ್ಲಿ ಕೊಬ್ಬು ತೀರಾ ಕಡಿಮೆ, ನಾಳ ಬಿಳಿಯಾಗುವ ಪ್ರಶ್ನೆಯೇ ಬರಲ್ಲ. ಮೊಲಕ್ಕೆ ಮಾಂಸ ತಿನ್ನಿಸುವ ಹುಚ್ಚು ಯಾರಿಗೂ ಬಂದಿರಲಿಲ್ಲ.

ಪಿತ್ತರಸ ಬಂದು ಸೇರಿದ ಮೇಲೂ 30 ಸೆಂಟಿಮೀಟರ್‌ವರೆಗೆ ಏನೂ ಆಗಲಿಲ್ಲ. ಮೇದೋಜೀರಕ ರಸ ಸೇರಿದ ಕೂಡಲೇ ಕೊಬ್ಬು ಒಳಗೆ ಹೋಗೋಕೆ ಶುರುವಾಯ್ತು. ಹಾಗಾದ್ರೆ ಕೊಬ್ಬನ್ನು ಜೀರ್ಣ ಮಾಡೋದು ಮೇದೋಜೀರಕ ರಸ. ಬರ್ನಾರ್ಡ್ ಇಲ್ಲಿಗೆ ಬಂದು ಮುಟ್ಟಿದ. ಅಲ್ಲಿಯವರೆಗೆ ಆ ಗ್ರಂಥಿಯ ಕೆಲಸ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಹೊಟ್ಟೆಯೊಳಗಿನ ಇನ್ನೊಂದು ಜೊಲ್ಲುಗ್ರಂಥಿ ಅಂತ ಕೆಲವರು ತಿಳಿದಿದ್ದರು.

ಇಲ್ಲಿ ಒಂದು ಕನ್ನಡದ ಮಾತು. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಪ್ಯಾಂಕ್ರಿಯಾಸ್ ಅಂತಲೇ ಗೊತ್ತು. ಈ ಲೇಖನಕ್ಕೆ ಕನ್ನಡ ಪದ ಹುಡುಕಿದಾಗ ಮೇದೋಜೀರಕ ಸಿಕ್ಕಿತು. ಮೇದಸ್ಸು ಅಂದ್ರೆ ಕೊಬ್ಬು, ಜೀರಕ ಅಂದ್ರೆ ಜೀರ್ಣ ಮಾಡುವಂಥದ್ದು. ಪ್ಯಾಂಕ್ರಿಯಾಸ್ ಅನ್ನೋ ಗ್ರೀಕ್ ಪದಕ್ಕೆ ಬರೀ ಎಲ್ಲಾ ಮಾಂಸ ಅಂತ ಅರ್ಥ, ಅದರಿಂದ ಏನೂ ತಿಳಿಯಲ್ಲ. ನಮ್ಮ ಪದದ ಒಳಗೆ ಬರ್ನಾರ್ಡ್‌ನ ಮೊಲ ಕೂತಿದೆ.

ಮೊಲ ದಾರಿ ತೋರಿಸಿತು ಅಷ್ಟೇ, ಸಾಬೀತು ಮಾಡಲು ರಸವೇ ಬೇಕು. ಮೇದೋಜೀರಕ ಗ್ರಂಥಿ ಬಹಳ ಸೂಕ್ಷ್ಮ, ಮುಟ್ಟಿದರೆ ಊದಿಕೊಳ್ಳುತ್ತೆ, ರಸ ಕೆಟ್ಟು ನೀರಾಗುತ್ತೆ. ನಾಯಿಗಳ ನಾಳಕ್ಕೆ ಸಣ್ಣ ಬೆಳ್ಳಿ ಕೊಳವೆ ಕೂರಿಸಿ ಒಳ್ಳೆ ರಸ ತೆಗೆಯಲು ಬರ್ನಾರ್ಡ್‌ನಂಥ ಕೈಯೇ ಬೇಕಾಯ್ತು. ಸಿಕ್ಕ ರಸಕ್ಕೆ ಆಲಿವ್ ಎಣ್ಣೆ ಹಾಕಿ ಅಲ್ಲಾಡಿಸಿದ. ತಕ್ಷಣ ಹಾಲಿನಂತೆ ಬೆಳ್ಳಗಾಯ್ತು, ಮತ್ತೆ ಬೇರೆಯಾಗಲಿಲ್ಲ. ಎಣ್ಣೆ ನೀರು ಅಲ್ಲಾಡಿಸಿ ಇಟ್ಟರೆ ಎರಡು ನಿಮಿಷದಲ್ಲಿ ಬೇರೆಯಾಗೋದು ನಾವು ನೋಡಿದ್ದೀವಲ್ಲ. ಇನ್ನೂ ಮುಖ್ಯವಾದದ್ದು, ಸ್ವಲ್ಪ ಹೊತ್ತಾದ ಮೇಲೆ ಆ ಮಿಶ್ರಣ ಆಮ್ಲೀಯವಾಯ್ತು. ಬೆಣ್ಣೆ ಹಾಕಿ ಮಾಡಿದಾಗ ಕೆಟ್ಟ ಬೆಣ್ಣೆಯ ವಾಸನೆ ಬಂತು, ಅದು ಬ್ಯೂಟಿರಿಕ್ ಆಮ್ಲದ ವಾಸನೆ. ಅಂದ್ರೆ ಕೊಬ್ಬು ಬರೀ ಚೂರಾಗಿಲ್ಲ, ಗ್ಲಿಸರಿನ್ ಮತ್ತು ಕೊಬ್ಬಿನಾಮ್ಲಗಳಾಗಿ ಒಡೆದಿದೆ. ಜೊಲ್ಲು, ಜಠರರಸ, ಪಿತ್ತರಸ ಎಲ್ಲವನ್ನೂ ಹೀಗೇ ಪರೀಕ್ಷಿಸಿದ, ಯಾವುದೂ ಈ ಕೆಲಸ ಮಾಡಲಿಲ್ಲ. ಗ್ರಂಥಿಯನ್ನು ಹಾಳುಗೆಡವಿದ ನಾಯಿಗಳ ಮಲದಲ್ಲಿ ಕೊಬ್ಬು ಹಾಗೇ ಹೊರಬಂತು. ಮೇದೋಜೀರಕದ ಕಾಯಿಲೆ ಇದ್ದ ಮನುಷ್ಯರಲ್ಲೂ ಹೀಗೇ ಆಗುತ್ತೆ ಅಂತ ಡಾಕ್ಟರ್‌ಗಳ ವರದಿಗಳನ್ನೂ ಸೇರಿಸಿದ.

1849ರಲ್ಲಿ ಇದೆಲ್ಲ ವಿಜ್ಞಾನಿಗಳ ಮುಂದೆ ಬಂತು. ಅಕಾಡೆಮಿ ಆಫ್ ಸೈನ್ಸಸ್‌ನ ಪ್ರಶಸ್ತಿ ಸಿಕ್ಕಿತು, ಲೀಜನ್ ಆಫ್ ಆನರ್ ಸಿಕ್ಕಿತು. ಐದು ವರ್ಷದ ಹಿಂದೆ ಪರೀಕ್ಷೆಯಲ್ಲಿ ಫೇಲಾಗಿದ್ದವನು ಈಗ ಫ್ರಾನ್ಸ್‌ಗೆಲ್ಲ ಗೊತ್ತು. 1856ರಲ್ಲಿ ಮೇದೋಜೀರಕದ ಮೇಲೆ ಚಿತ್ರಗಳ ಸಮೇತ ದೊಡ್ಡ ಪ್ರಬಂಧವೇ ಬಂತು.

ಅಷ್ಟರಲ್ಲಿ ಅವನು ಬೇರೆ ಕಡೆ ಹೊರಟಾಗಿತ್ತು. ಬರೀ ಮಾಂಸ ತಿನ್ನಿಸಿದ ನಾಯಿಯಲ್ಲೂ ಯಕೃತ್ತಿನಿಂದ ಹೊರಬರುವ ರಕ್ತದಲ್ಲಿ ಸಕ್ಕರೆ ಸಿಕ್ಕಿತು, 1848ರಲ್ಲಿ. ಪ್ರಾಣಿಗಳು ಸಕ್ಕರೆ ತಯಾರಿಸಲ್ಲ, ಅದು ಗಿಡಗಳ ಕೆಲಸ ಅಂತ ಆಗ ಎಲ್ಲರೂ ನಂಬಿದ್ದರು. 1855ರಲ್ಲಿ ಒಂದು ಯಕೃತ್ತನ್ನು ಹೊರತೆಗೆದು ಅದರ ರಕ್ತನಾಳಗಳಲ್ಲಿ ನೀರು ಹರಿಸಿ, ಸಕ್ಕರೆ ಒಂದಿಷ್ಟೂ ಉಳಿಯದಂತೆ ತೊಳೆದ. ಮರುದಿನ ನೋಡಿದ್ರೆ ಅದೇ ಯಕೃತ್ತಿನಲ್ಲಿ ಮತ್ತೆ ಸಕ್ಕರೆ! ಒಳಗೆ ಯಾವುದೋ ರೂಪದಲ್ಲಿ ದಾಸ್ತಾನು ಇದೆ ಅಂತ ಆಯ್ತು. 1857ರಲ್ಲಿ ಅದನ್ನು ಬೇರ್ಪಡಿಸಿದ, ಅದೇ ಗ್ಲೈಕೋಜೆನ್. ದೇಹ ಬಂದದ್ದನ್ನು ಬಂದ ಹಾಗೇ ಖರ್ಚು ಮಾಡಲ್ಲ, ಕೂಡಿಟ್ಟು ಬೇಕಾದಾಗ ಬಿಡುತ್ತೆ, ಅದರಿಂದ ಒಳಗಿನ ವಾತಾವರಣ ಒಂದೇ ಸಮ ಇರುತ್ತೆ ಅನ್ನೋ ಅವನ ದೊಡ್ಡ ಐಡಿಯಾ ಬೆಳೆದಿದ್ದು ಇಂಥ ಕೆಲಸಗಳಿಂದ. ಕಂಟ್ರೋಲ್ ಸಿಸ್ಟಮ್ಸ್ ಓದುವವರಿಗೆ ಇದು ಅಪರಿಚಿತ ಅಲ್ಲ. ರಕ್ತನಾಳಗಳನ್ನು ಹಿಗ್ಗಿಸಿ ಕುಗ್ಗಿಸುವ ನರಗಳು, ಕ್ಯುರಾರೆ ವಿಷ, ಕಾರ್ಬನ್ ಮೊನಾಕ್ಸೈಡ್ ಹೇಗೆ ಕೊಲ್ಲುತ್ತೆ ಅನ್ನೋದು, ಇವೆಲ್ಲವೂ ಅವನ ಪಟ್ಟಿಯಲ್ಲಿವೆ. ಒಂದೊಂದಕ್ಕೂ ಒಂದೊಂದು ಲೇಖನ ಬೇಕು, ಇಲ್ಲಿ ಬಿಡ್ತೀನಿ.

1854ರಲ್ಲಿ ಸೊರ್ಬಾನ್‌ನಲ್ಲಿ ಪ್ರೊಫೆಸರ್ ಆದ. 1855ರಲ್ಲಿ ಮ್ಯಾಜೆಂಡಿ ತೀರಿಕೊಂಡ ಮೇಲೆ ಅವನ ಜಾಗವೂ ಬಂತು. ಮನೆ ಮಾತ್ರ ಮುರಿಯುತ್ತಾ ಬಂತು. ಇಬ್ಬರು ಗಂಡು ಮಕ್ಕಳು ಕೂಸಾಗಿದ್ದಾಗಲೇ ಹೋದರು. ಉಳಿದ ಇಬ್ಬರು ಹೆಣ್ಣುಮಕ್ಕಳು ಅಮ್ಮನ ಪಕ್ಷ. ಗಂಡ ಲ್ಯಾಬಿನಲ್ಲಿ ನಾಯಿಗಳಿಗೆ ಮಾಡುತ್ತಿದ್ದದ್ದನ್ನು ಫ್ಯಾನಿ ಸಹಿಸಲೇ ಇಲ್ಲ. 1869ರ ಹೊತ್ತಿಗೆ ಇಬ್ಬರೂ ಬೇರೆಯಾದರು. ತಾಯಿ ಮಕ್ಕಳು ಪ್ರಾಣಿ ಪ್ರಯೋಗದ ವಿರುದ್ಧದ ಚಳವಳಿಯ ಕಡೆ ನಿಂತರು. ಬರ್ನಾರ್ಡ್‌ನ ಜೀವನಚರಿತ್ರೆ ಬರೆದವರಲ್ಲಿ ಎಷ್ಟೋ ಜನ ಫ್ಯಾನಿಯನ್ನು ವಿಲನ್ ಮಾಡಿದ್ದಾರೆ. ನನಗೆ ಅದು ಸರಿ ಅನ್ನಿಸಲ್ಲ. ಮೊಲದ ಆ 30 ಸೆಂಟಿಮೀಟರ್ ನೋಡಿ ನನಗೆ ಎಷ್ಟು ರೋಮಾಂಚನ ಆಯ್ತೋ, ಅದೇ ಮೇಜಿನ ಮೇಲೆ ಅರಿವಳಿಕೆ ಇಲ್ಲದೆ ಕಟ್ಟಿಹಾಕಿದ್ದ ಪ್ರಾಣಿಗಳನ್ನು ನೆನೆದರೆ ಅಷ್ಟೇ ಸಂಕಟವೂ ಆಗುತ್ತೆ. ಆ ಸಂಕಟವನ್ನು ಅವಳು ಮನೆಯೊಳಗೇ ಇದ್ದುಕೊಂಡು ಅನುಭವಿಸಿದಳು. ಇನ್ಸುಲಿನ್‌ನಿಂದ ಹಿಡಿದು ನಮಗೆ ಬೇಕಾದ ಎಷ್ಟೋ ಔಷಧಿಗಳ ಹಿಂದೆ ಇಂಥ ಪ್ರಯೋಗಗಳಿವೆ ಅನ್ನೋದೂ ನಿಜ. ಎರಡೂ ನಿಜ, ಒಂದು ಇನ್ನೊಂದನ್ನು ಅಳಿಸಲ್ಲ.

1860ರ ದಶಕದಲ್ಲಿ ಹೊಟ್ಟೆಯ ಕಾಯಿಲೆ ಅವನನ್ನು ಬಹಳ ಕಾಡಿತು. ಜೀರ್ಣಕ್ರಿಯೆಯ ಪಂಡಿತನಿಗೇ ಹೊಟ್ಟೆನೋವು. ಲ್ಯಾಬ್ ಬಿಟ್ಟು ಊರಿಗೆ ಹೋಗಿ, ದ್ರಾಕ್ಷಿ ತೋಟದ ಮಧ್ಯೆ ತಿಂಗಳುಗಟ್ಟಲೆ ಇದ್ದ. ಪ್ರಯೋಗ ಮಾಡೋಕಾಗದ ಆ ದಿನಗಳಲ್ಲಿ ಬರೆದದ್ದೇ ಪ್ರಾಯೋಗಿಕ ವೈದ್ಯಶಾಸ್ತ್ರದ ಅಧ್ಯಯನಕ್ಕೆ ಪ್ರವೇಶಿಕೆ ಎಂಬ ಪುಸ್ತಕ, 1865ರದ್ದು. ಮೊಲದ ಮೂತ್ರದಿಂದ ಮೇದೋಜೀರಕದವರೆಗಿನ ಕಥೆಯನ್ನು ಅವನೇ ಅದರಲ್ಲಿ ಹಂತ ಹಂತವಾಗಿ ಹೇಳಿದ್ದಾನೆ. ನಾಟಕಕಾರ ಎಲ್ಲಿಯೂ ಸತ್ತಿರಲಿಲ್ಲ ಅನ್ನೋದಕ್ಕೆ ಆ ಪುಸ್ತಕ ಸಾಕ್ಷಿ. ಫ್ರೆಂಚ್ ಅಕಾಡೆಮಿಗೂ ಆಯ್ಕೆಯಾದ, ಸಾಹಿತಿಗಳ ಪಕ್ಕದ ಕುರ್ಚಿ. 1878ರ ಫೆಬ್ರವರಿ 10ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡ, 64 ವರ್ಷ. ಫ್ರಾನ್ಸ್ ಸರ್ಕಾರ ತನ್ನ ಖರ್ಚಿನಲ್ಲಿ ಸಕಲ ಗೌರವಗಳೊಂದಿಗೆ ಅಂತ್ಯಸಂಸ್ಕಾರ ಮಾಡಿತು. ಅಲ್ಲಿ ಒಬ್ಬ ವಿಜ್ಞಾನಿಗೆ ಆ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ಆ ಹಳೇ ನಾಟಕ ಅಚ್ಚಾಗಿದ್ದು 1887ರಲ್ಲಿ.

ಆದರೆ ಕೊಬ್ಬಿನ ವಿಷಯ ಅವನ ಸಾವಿನ ಜೊತೆ ಮುಗಿಯಲಿಲ್ಲ. ಅರ್ಧ ಉತ್ತರ ಅಂತ ಮೊದಲೇ ಹೇಳಿದೆನಲ್ಲ. ಮೇದೋಜೀರಕ ರಸ ಇದ್ದರೆ ಸಾಕು, ಕೊಬ್ಬಿನ ವಿಷಯದಲ್ಲಿ ಪಿತ್ತರಸಕ್ಕೆ ದೊಡ್ಡ ಪಾತ್ರವಿಲ್ಲ ಅನ್ನೋ ಕಡೆಗೆ ಬರ್ನಾರ್ಡ್ ವಾಲಿದ್ದ. ಅವನು ಬದುಕಿದ್ದಾಗಲೇ ಬಿಡ್ಡರ್ ಮತ್ತು ಶ್ಮಿಟ್ ಎಂಬಿಬ್ಬರು ಪಿತ್ತರಸವನ್ನು ಕರುಳಿಗೆ ಬಿಡದೆ ಹೊರಗೆ ಹರಿಸಿದ ನಾಯಿಗಳಲ್ಲಿ ಕೊಬ್ಬು ಹೀರಿಕೊಳ್ಳುವುದು ತುಂಬಾ ಕಡಿಮೆಯಾಗುತ್ತೆ ಅಂತ ತೋರಿಸಿದ್ದರು. ಜಗಳ ನಡೆದೇ ಇತ್ತು.

ಅದನ್ನು ಬಗೆಹರಿಸಿದವನು ಬರ್ನಾರ್ಡ್‌ನ ಶಿಷ್ಯನೇ, ಆಲ್ಬರ್ಟ್ ದಾಸ್ತ್ರ್. ಅವನು ಮಾಡಿದ್ದು ಗುರುವಿನ ಮೊಲವನ್ನು ತಲೆಕೆಳಗು ಮಾಡಿದ ಹಾಗೆ. ಮೊಲದಲ್ಲಿ ಪಿತ್ತ ಮೇಲೆ, ಮೇದೋಜೀರಕ ಕೆಳಗೆ. ದಾಸ್ತ್ರ್ ನಾಯಿಯೊಂದರ ಪಿತ್ತನಾಳವನ್ನು ಕಟ್ಟಿ, ಪಿತ್ತಕೋಶವನ್ನು ಕರುಳಿನ ತುಂಬಾ ಕೆಳಗಿನ ಭಾಗಕ್ಕೆ ಹೊಲಿದು ಜೋಡಿಸಿದ. ಈಗ ಮೇದೋಜೀರಕ ರಸ ಮೇಲೆ, ಪಿತ್ತರಸ ಕೆಳಗೆ. ಕೊಬ್ಬು ತಿನ್ನಿಸಿ ನೋಡಿದ. ಗುರು ಹೇಳಿದ್ದು ಪೂರ್ತಿ ಸರಿಯಾಗಿದ್ದರೆ ಮೇಲಿನಿಂದಲೇ ನಾಳಗಳು ಬಿಳಿಯಾಗಬೇಕಿತ್ತು. ಆಗಲಿಲ್ಲ. ಪಿತ್ತರಸ ಬಂದು ಸೇರಿದ ಜಾಗದಿಂದ ಕೆಳಗೆ ಮಾತ್ರ ಬಿಳಿ. ಎರಡು ಪ್ರಯೋಗ ಪಕ್ಕಪಕ್ಕ ಇಟ್ಟರೆ ಉತ್ತರ ನಮಗೆಲ್ಲ ಗೊತ್ತಿರೋ ಆಂಡ್ ಗೇಟ್. ಎರಡೂ ಇನ್‌ಪುಟ್ ಇದ್ದರೆ ಮಾತ್ರ ಔಟ್‌ಪುಟ್. ಮೊಲದಲ್ಲಿ ಎರಡನೇ ಇನ್‌ಪುಟ್ ಮೇದೋಜೀರಕ ರಸ ಆಗಿತ್ತು, ದಾಸ್ತ್ರ್‌ನ ನಾಯಿಯಲ್ಲಿ ಪಿತ್ತರಸ. ಬರ್ನಾರ್ಡ್ ನೋಡಿದ್ದು ತಪ್ಪಲ್ಲ, ಅದರಿಂದ ತೆಗೆದ ತೀರ್ಮಾನ ಒಂದು ಹೆಜ್ಜೆ ಮುಂದೆ ಹೋಗಿತ್ತು.

ಯಾಕೆ ಎರಡೂ ಬೇಕು ಅನ್ನೋದು ಈಗ ಅಣುಗಳ ಮಟ್ಟದಲ್ಲಿ ಗೊತ್ತಿದೆ. ಬೆಣ್ಣೆ ದೋಸೆ ತಿಂದಿರಿ ಅಂತ ಇಟ್ಟುಕೊಳ್ಳಿ. ಬೆಣ್ಣೆಯಲ್ಲಿರುವ ಕೊಬ್ಬಿನ ಒಂದೊಂದು ಅಣುವೂ ಗ್ಲಿಸರಾಲ್‌ಗೆ ಮೂರು ಬಾಲ ಅಂಟಿಸಿದ ಹಾಗೆ, ಆ ಬಾಲಗಳೇ ಕೊಬ್ಬಿನಾಮ್ಲಗಳು. ಮೇದೋಜೀರಕ ರಸದ ಲೈಪೇಸ್ ಎಂಬ ಕಿಣ್ವ ಎರಡು ಬಾಲ ಕತ್ತರಿಸುತ್ತೆ. ಉಳಿಯೋದು ಎರಡು ಬಿಡಿ ಬಾಲ, ಮತ್ತು ಒಂದೇ ಬಾಲದ ಗ್ಲಿಸರಾಲ್. ಆದರೆ ಈ ತುಂಡುಗಳೂ ನೀರಿನಲ್ಲಿ ಕರಗಲ್ಲ. ಕರುಳಿನ ಗೋಡೆಯ ಮೇಲೆ ಯಾವಾಗಲೂ ಒಂದು ತೆಳು ನೀರಿನ ಪದರ ಇರುತ್ತೆ, ಅದನ್ನು ದಾಟಿಸುವುದೇ ಪಿತ್ತದ ಕೆಲಸ. ಪಿತ್ತದ ಲವಣಗಳು ಸೋಪಿನ ಥರ ತುಂಡುಗಳನ್ನು ಸುತ್ತುವರಿದು ಅತಿ ಸಣ್ಣ ಗೊಂಚಲು ಮಾಡಿ ಜೀವಕೋಶದ ಬಾಗಿಲಿಗೆ ತಲುಪಿಸುತ್ತವೆ. ಕತ್ತರಿಸುವವನು ಒಬ್ಬ, ಸಾಗಿಸುವವನು ಇನ್ನೊಬ್ಬ.

ಬಾಗಿಲ ಒಳಗೆ ನಡೆಯೋದು ನನಗೆ ತುಂಬಾ ವಿಚಿತ್ರ ಅನ್ನಿಸಿದ್ದು. ಅಷ್ಟು ಕಷ್ಟಪಟ್ಟು ಕತ್ತರಿಸಿದ ತುಂಡುಗಳನ್ನು ಕರುಳಿನ ಜೀವಕೋಶ ಮತ್ತೆ ಜೋಡಿಸುತ್ತೆ! ಮೂರು ಬಾಲದ ಕೊಬ್ಬು ಮತ್ತೆ ರೆಡಿ. ದೊಡ್ಡ ಸೋಫಾವನ್ನು ಬಿಚ್ಚಿ ಬಾಗಿಲಿಂದ ಒಳಗೆ ತಂದು ಮತ್ತೆ ಜೋಡಿಸುವ ಹಾಗೆ. ಆಮೇಲೆ ಅದನ್ನು ಪ್ರೋಟೀನ್ ಮತ್ತು ಫಾಸ್ಫೋಲಿಪಿಡ್ ಹೊದಿಕೆಯೊಳಗೆ ಪ್ಯಾಕ್ ಮಾಡುತ್ತೆ. ಈ ಪಾರ್ಸೆಲ್‌ಗೆ ಕೈಲೊಮೈಕ್ರಾನ್ ಅಂತ ಹೆಸರು. ಇದು ಸಣ್ಣ ರಕ್ತನಾಳದ ಗೋಡೆ ದಾಟಲಾರದಷ್ಟು ದೊಡ್ಡದು, ಅದಕ್ಕೇ ಹಾಲುನಾಳದ ದಾರಿ ಹಿಡಿಯುತ್ತೆ, ಎದೆಯ ಮೂಲಕ ಮೇಲಕ್ಕೆ ಹೋಗಿ ಎಡ ಭುಜದ ಹತ್ತಿರದ ದೊಡ್ಡ ಅಭಿಧಮನಿಯಲ್ಲಿ ರಕ್ತಕ್ಕೆ ಸೇರುತ್ತೆ. ಅಸೆಲ್ಲಿ ಕಂಡ ಬಿಳಿ, ಬರ್ನಾರ್ಡ್ ಅಳೆದ ಬಿಳಿ, ಎರಡೂ ಈ ಪಾರ್ಸೆಲ್‌ಗಳೇ. ಬ್ಯೂಟಿರಿಕ್ ಆಮ್ಲದಂಥ ಗಿಡ್ಡ ಬಾಲಗಳಿಗೆ ಮಾತ್ರ ಈ ಪ್ಯಾಕಿಂಗ್ ಬೇಕಿಲ್ಲ, ಅವು ನೇರವಾಗಿ ರಕ್ತ ಸೇರಿ ಯಕೃತ್ತಿಗೆ ಹೋಗುತ್ತವೆ.

ಒಳಗೆ ಬಂದ ಕೊಬ್ಬೆಲ್ಲ ಕೂಡಲೇ ಪಾರ್ಸೆಲ್ ಆಗಿ ಹೊರಡಲ್ಲ. ಕೊಬ್ಬು ಜಾಸ್ತಿ ಬಂದಾಗ ಜೀವಕೋಶ ಒಂದಿಷ್ಟನ್ನು ತನ್ನೊಳಗೇ ಎಣ್ಣೆ ಹನಿಗಳಾಗಿ ಇಟ್ಟುಕೊಳ್ಳುತ್ತೆ, ಸುತ್ತ ಪ್ರೋಟೀನ್ ಹೊದಿಕೆ ಹಾಕಿ. ಊಟವಾದ ಮೇಲೆ ಈ ಹನಿಗಳು ದೊಡ್ಡದಾಗುತ್ತವೆ, ಗಂಟೆಗಳು ಕಳೆದಂತೆ ಕರಗುತ್ತವೆ. ಹಳೇ ಮೈಕ್ರೋಸ್ಕೋಪ್‌ಗಳಲ್ಲೂ ಕರುಳಿನ ಕೋಶದೊಳಗೆ ಕೊಬ್ಬಿನ ಹನಿಗಳು ಕಂಡಿದ್ದವು. ಆದರೆ ಅದನ್ನು ದಾರಿಯಲ್ಲಿರೋ ಸರಕು ಅಂತ ನೋಡುತ್ತಿದ್ದರೇ ಹೊರತು ಗೋಡೌನ್ ಅಂತ ಅಲ್ಲ. ಗೋಡೌನ್ ಅಂತ ಹೇಳಲು ಕಾರಣ ಇದೆ. ರಾತ್ರಿ ಕೊಬ್ಬಿನ ಊಟ ಮಾಡಿದವರು ಬೆಳಿಗ್ಗೆ ತಿಂಡಿ ತಿಂದಾಗ ರಕ್ತಕ್ಕೆ ಮೊದಲು ಬಂದು ಬೀಳುವ ಕೊಬ್ಬಿನಲ್ಲಿ ರಾತ್ರಿಯದೂ ಇರುತ್ತೆ. ತಿಂಡಿಯೇ ಬೇಕಂತಿಲ್ಲ. ಹಲವು ಗಂಟೆಗಳ ನಂತರ ಬರೀ ಗ್ಲೂಕೋಸ್ ನೀರು ಕುಡಿದರೂ ಕರುಳು ಹಿಡಿದಿಟ್ಟಿದ್ದ ಹಳೇ ಕೊಬ್ಬಿನ ಒಂದು ಪಾಲು ಹೊರಗೆ ಬರುತ್ತೆ. ಬರ್ನಾರ್ಡ್ ಯಕೃತ್ತನ್ನು ತೊಳೆದು ಮರುದಿನ ಸಕ್ಕರೆ ಕಂಡಿದ್ದನಲ್ಲ, ಇದೂ ಅದೇ ಜಾತಿಯ ದಾಸ್ತಾನು. ಯಕೃತ್ತಿನದು ದೊಡ್ಡದು. ಇದು ಒಂದೊಂದು ಜೀವಕೋಶದ್ದು, ಅದೂ ಕೆಲವೇ ದಿನ ಬದುಕಿ ಉದುರಿಹೋಗುವ ಜೀವಕೋಶದ್ದು.